ಹಳೆಯ ಬ್ಯಾಕಪ್ ಎಲ್ಲಿ ಹೋಯಿತು? ಕಾಂಪ್ಯಾಕ್ಟ್ ಓಡಿಸುವ ಮೊದಲು ಓದಿ

ಪ್ರಶ್ನೆ: ನಮ್ಮ ಮನೆ ಕಟಪಾಡಿಯಲ್ಲಿ. ಎರಡು ವರ್ಷದ ಹಿಂದೆ ಹಳೆಯ ಕಂಪ್ಯೂಟರಿಗೆ ಡೆಬಿಯನ್ 12 ಲಿನಕ್ಸ್ ಹಾಕಿ, 4 ಟಿಬಿ ಡಿಸ್ಕ್ ಜೋಡಿಸಿ ಮನೆಗೊಂದು ಸರ್ವರ್ ಮಾಡಿಕೊಂಡೆ. ನನ್ನ ಡೆಸ್ಕ್‌ಟಾಪ್ ಪ್ರತಿ ರಾತ್ರಿ 10ಕ್ಕೆ ಬೋರ್ಗ್ ಎಂಬ ಬ್ಯಾಕಪ್ ತಂತ್ರಾಂಶದ ಮೂಲಕ ಅದಕ್ಕೆ ಬ್ಯಾಕಪ್ ಆಗುತ್ತದೆ. ಕಳೆದ ದೀಪಾವಳಿಗೆ ಮಗಳ ಲ್ಯಾಪ್‌ಟಾಪನ್ನೂ ಅದೇ ರೆಪೊಗೆ, ಅಂದರೆ ಬೋರ್ಗ್ ಬ್ಯಾಕಪ್‌ಗಳನ್ನು ಇಡುವ ಫೋಲ್ಡರಿಗೆ, ಸೇರಿಸಿದೆ. ಅದರ ಸಮಯ ರಾತ್ರಿ 11. ಇಂಟರ್ನೆಟ್ಟಿನಲ್ಲಿ ಸಿಕ್ಕಿದ ಒಂದು ಸ್ಕ್ರಿಪ್ಟನ್ನೇ ಎರಡಕ್ಕೂ ಹಾಕಿದ್ದೇನೆ. ಕೊನೆಯಲ್ಲಿ ಹಳೆಯ ಬ್ಯಾಕಪ್ ತೆಗೆದುಹಾಕುವ ಪ್ರೂನ್ ಸಾಲು ಇದೆ: ಡೈಲಿ 7, ವೀಕ್ಲಿ 4, ಮಂತ್ಲಿ 6. ನನ್ನ ತಂದೆ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು. ಅವರ ಕೂಟಗಳ 40 ಕ್ಯಾಸೆಟ್‌ಗಳನ್ನು ವೇವ್ ಫೈಲ್ ಮಾಡಿದ್ದೆ, ಸುಮಾರು 38 ಜಿಬಿ. ಕಳೆದ ಸೆಪ್ಟೆಂಬರಿನಲ್ಲಿ ಡೆಸ್ಕ್‌ಟಾಪಿನಲ್ಲಿ ಜಾಗ ಸಾಲದೆ ಅವನ್ನು ಅಳಿಸಿದೆ. ಬ್ಯಾಕಪ್ ಇದೆಯಲ್ಲ ಎಂಬ ಧೈರ್ಯ. ಈ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಹುಡುಕಿದರೆ ಅದು ಇಲ್ಲ. ರೆಪೊದಲ್ಲಿ 17 ಬ್ಯಾಕಪ್ ಮಾತ್ರ ಇವೆ, ಅವೂ ಎಲ್ಲ ಮಗಳ ಲ್ಯಾಪ್‌ಟಾಪಿನವು. ನನ್ನದು ಒಂದೂ ಇಲ್ಲ. ಆದರೆ ಎರಡೂ ಬ್ಯಾಕಪ್ ಯಶಸ್ವಿ ಎಂಬ ಮೇಲ್ ಪ್ರತಿ ರಾತ್ರಿ ಬರುತ್ತಿದೆ. ಮಗಳು ಏನೋ ಒತ್ತಿರಬೇಕು ಎಂದು ಮನೆಯಲ್ಲಿ ಜಗಳವೂ ಆಯಿತು. ವಿಚಿತ್ರವೆಂದರೆ, ಇಷ್ಟೆಲ್ಲ ಹೋದರೂ ಡಿಸ್ಕಿನಲ್ಲಿ ಜಾಗ ಕಮ್ಮಿಯಾಗುತ್ತಲೇ ಇದೆ. ಬೋರ್ಗಿನ ಕಾಂಪ್ಯಾಕ್ಟ್ ಕಮಾಂಡ್ ಓಡಿಸಿದರೆ ಜಾಗ ಸಿಗುತ್ತದೆ ಎಂದು ಸ್ನೇಹಿತರೊಬ್ಬರು ಹೇಳಿದರು. ಓಡಿಸಲೇ?

ಉತ್ತರ: ಬೇಡ. ದಯವಿಟ್ಟು ಓಡಿಸಬೇಡಿ. ಇದನ್ನು ಪೂರ್ತಿ ಓದುವ ಮೊದಲೇ ಎದ್ದು ಹೋಗಿ, ಬ್ಯಾಕಪ್ ಇವತ್ತು ರಾತ್ರಿ ಓಡದ ಹಾಗೆ ಎರಡೂ ಯಂತ್ರಗಳಲ್ಲಿ ಕ್ರಾನ್ ಸಾಲುಗಳನ್ನು, ಅಂದರೆ ಗೊತ್ತಾದ ಸಮಯಕ್ಕೆ ಸ್ಕ್ರಿಪ್ಟನ್ನು ತಾನಾಗಿ ಓಡಿಸುವ ಸಾಲುಗಳನ್ನು, ನಿಲ್ಲಿಸಿ. ಎರಡು ದಿನ ಬ್ಯಾಕಪ್ ಇಲ್ಲದಿದ್ದರೆ ದೊಡ್ಡ ನಷ್ಟವಿಲ್ಲ. ಆ ಡಿಸ್ಕಿನಲ್ಲಿ ಈಗ ಏನಿದೆಯೋ ಅದು ಇದ್ದ ಹಾಗೆಯೇ ಇರಬೇಕು. ಯಾಕೆಂದರೆ ನೀವು ವಿಚಿತ್ರ ಎಂದು ಬರೆದ ಆ ಒಂದು ಮಾತು, ಹಳೆಯದು ಹೋದರೂ ಜಾಗ ಕಮ್ಮಿಯಾಗುತ್ತಿದೆ ಎನ್ನುವುದು, ನಿಮ್ಮ ಪತ್ರದಲ್ಲಿರುವ ಒಳ್ಳೆಯ ಸುದ್ದಿ. ನಿಮ್ಮ ತಂದೆಯ ಧ್ವನಿ ಇನ್ನೂ ಅಲ್ಲೇ ಇರುವ ಸಾಧ್ಯತೆ ಚೆನ್ನಾಗಿದೆ.

ಏನಾಯಿತು ಎಂದು ಮೊದಲು ಹೇಳುತ್ತೇನೆ. ಅದು ತಿಳಿಯದೆ ಕೈ ಹಾಕಿದರೆ ಇರುವುದೂ ಹೋದೀತು.

17 ಎಂಬ ಸಂಖ್ಯೆಯನ್ನು ನೋಡಿ. 7, 4, 6 ಕೂಡಿಸಿದರೆ 17. ನಿಮ್ಮ ಸ್ಕ್ರಿಪ್ಟಿನ ಪ್ರೂನ್ ಸಾಲು ಹೇಳುವುದು ಇಷ್ಟೇ: ಇತ್ತೀಚಿನ 7 ದಿನಗಳಿಗೆ ದಿನಕ್ಕೊಂದು, ಅದರ ಹಿಂದಿನ 4 ವಾರಗಳಿಗೆ ವಾರಕ್ಕೊಂದು, ಅದಕ್ಕೂ ಹಿಂದಿನ 6 ತಿಂಗಳುಗಳಿಗೆ ತಿಂಗಳಿಗೊಂದು ಇಟ್ಟುಕೋ, ಉಳಿದದ್ದನ್ನು ತೆಗೆದುಹಾಕು. ಬೋರ್ಗ್ ಅಕ್ಷರಶಃ ಅದನ್ನೇ ಮಾಡಿದೆ. ಡಿಸ್ಕ್ ಕೆಟ್ಟಿಲ್ಲ, ವೈರಸ್ ಬಂದಿಲ್ಲ, ಯಾರೂ ಏನೂ ಒತ್ತಿಲ್ಲ. ಯಾರಾದರೂ ಕೈಯಾರೆ ಅಳಿಸಿದ್ದರೆ ಲೆಕ್ಕ ಇಷ್ಟು ಸರಿಯಾಗಿ 17ಕ್ಕೆ ಬಂದು ನಿಲ್ಲುತ್ತಿರಲಿಲ್ಲ.

ಹಾಗಾದರೆ 17ರಲ್ಲಿ ನಿಮ್ಮದು ಒಂದೂ ಯಾಕಿಲ್ಲ? ಪ್ರೂನ್ ಕಮಾಂಡಿಗೆ ನಿಮ್ಮ ಡೆಸ್ಕ್‌ಟಾಪ್ ಬೇರೆ, ಮಗಳ ಲ್ಯಾಪ್‌ಟಾಪ್ ಬೇರೆ ಎಂಬುದು ತಾನಾಗಿ ಗೊತ್ತಾಗುವುದಿಲ್ಲ. ಹೆಸರು ಹಿಡಿದು ಬೇರ್ಪಡಿಸು ಎಂದು ನಾವು ಹೇಳಬೇಕು. ಹೇಳದಿದ್ದರೆ ಅದು ರೆಪೊದಲ್ಲಿರುವ ಎಲ್ಲ ಬ್ಯಾಕಪ್‌ಗಳನ್ನೂ ಒಂದೇ ಯಂತ್ರದವು ಎಂಬಂತೆ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ದಿನಕ್ಕೊಂದು ಇಡು ಎಂದರೆ ಆ ದಿನದ ಕೊನೆಯದನ್ನು ಇಡುತ್ತದೆ. ನಿಮ್ಮದು 10 ಗಂಟೆಯದು, ಮಗಳದ್ದು 11 ಗಂಟೆಯದು. ಕೊನೆಯದು ಯಾವಾಗಲೂ ಮಗಳದ್ದೇ, ಅಲ್ವಾ? ಅಂದರೆ ಕಳೆದ ದೀಪಾವಳಿಯಿಂದ ಈಚೆಗೆ ನಿಮ್ಮ ಡೆಸ್ಕ್‌ಟಾಪಿನ ಪ್ರತಿಯೊಂದು ಬ್ಯಾಕಪ್ಪಿನ ಆಯುಷ್ಯ ಒಂದು ಗಂಟೆ. 10ಕ್ಕೆ ಹುಟ್ಟಿ, 11ರ ಬ್ಯಾಕಪ್ ಮುಗಿದು ಪ್ರೂನ್ ಓಡಿದೊಡನೆ ಪಟ್ಟಿಯಿಂದ ಹೋಗುತ್ತಿತ್ತು. ಯಶಸ್ವಿ ಎಂಬ ಮೇಲ್ ಸುಳ್ಳು ಹೇಳಲಿಲ್ಲ. 10 ಗಂಟೆಗೆ ಅದು ನಿಜವೇ ಆಗಿತ್ತು.

ದೀಪಾವಳಿಗೆ ಮೊದಲಿನ ನಿಮ್ಮ ಹಳೆಯ ಬ್ಯಾಕಪ್‌ಗಳು ಒಮ್ಮೆಲೇ ಹೋಗಲಿಲ್ಲ. ವಾರದ್ದು, ತಿಂಗಳದ್ದು ಎಂದು ಉಳಿದವು ಸ್ವಲ್ಪ ಕಾಲ ಇದ್ದವು. ಹೊಸ ತಿಂಗಳು ಬಂದ ಹಾಗೆ ಸಾಲಿನ ಬಾಲದಿಂದ ಒಂದೊಂದೇ ಉದುರಿದವು. ಮನೆಯಲ್ಲಿ ಯಾರಿಗೂ ಗೊತ್ತಾಗದಿರಲು ಇದೇ ಕಾರಣ.

ಇನ್ನೊಂದು ಮಾತನ್ನು ನೇರವಾಗಿ ಹೇಳಬೇಕು. ತಂದೆಯವರ ರೆಕಾರ್ಡಿಂಗ್ ಹೋಗಿದ್ದು ಮಗಳ ಲ್ಯಾಪ್‌ಟಾಪ್ ಸೇರಿಸಿದ್ದರಿಂದ ಅಲ್ಲ. ಆ ಲ್ಯಾಪ್‌ಟಾಪ್ ಇಲ್ಲದಿದ್ದರೂ ಅದು ಹೋಗುತ್ತಿತ್ತು. ಲೆಕ್ಕ ಹಾಕಿ ನೋಡಿ. ನೀವು ಫೈಲ್ ಅಳಿಸಿದ್ದು ಸೆಪ್ಟೆಂಬರಿನಲ್ಲಿ. ಸೆಪ್ಟೆಂಬರ್ ಕೊನೆಯ ಬ್ಯಾಕಪ್ಪಿನಲ್ಲಿ ಅದು ಇಲ್ಲವೇ ಇಲ್ಲ. ಅದನ್ನು ಹೊತ್ತ ಕೊನೆಯ ತಿಂಗಳ ಬ್ಯಾಕಪ್ ಎಂದರೆ ಆಗಸ್ಟಿನದು. 6 ತಿಂಗಳ ನಿಯಮದ ಪ್ರಕಾರ, ಮಾರ್ಚ್ ಬಂದಾಗ ಫೆಬ್ರವರಿ, ಜನವರಿ, ಡಿಸೆಂಬರ್, ನವೆಂಬರ್, ಅಕ್ಟೋಬರ್, ಸೆಪ್ಟೆಂಬರ್ ಎಂದು ಆರು ಭರ್ತಿಯಾದವು. ಆಗಸ್ಟಿಗೆ ಜಾಗವಿಲ್ಲ. ಮಾರ್ಚಿನಲ್ಲೋ ಸ್ವಲ್ಪ ಆಚೀಚೆಯೋ ಅದು ಹೊರಗೆ ಬಿದ್ದಿರುತ್ತದೆ. ಲ್ಯಾಪ್‌ಟಾಪ್ ಮಾಡಿದ ಹಾನಿ ಬೇರೆ: ನಿಮ್ಮ ಡೆಸ್ಕ್‌ಟಾಪಿಗೆ ಇಷ್ಟು ತಿಂಗಳು ಬ್ಯಾಕಪ್ಪೇ ಇಲ್ಲದ ಹಾಗೆ ಮಾಡಿದ್ದು. ಅದೂ ಸ್ಕ್ರಿಪ್ಟಿನ ದೋಷ, ಅವಳದ್ದಲ್ಲ. ಇದನ್ನು ಇವತ್ತೇ ಅವಳಿಗೆ ಹೇಳಿ. ಇಂಥ ವಿಷಯದಲ್ಲಿ ಮನೆಯ ಚಿಕ್ಕವರ ಮೇಲೆ ತಪ್ಪು ಬೀಳುವುದನ್ನು ನಾನು ತುಂಬ ಕಡೆ ನೋಡಿದ್ದೇನೆ. ಪ್ರತಿ ಸಲ ಬೇಸರವಾಗುತ್ತದೆ.

ನಿಮ್ಮಿಂದ ಆದ ತಪ್ಪು ಒಂದೇ. ಅದನ್ನು ಬಹಳ ಜನ ಮಾಡುತ್ತಾರೆ. ಬ್ಯಾಕಪ್ ಅಂದರೆ ಎರಡನೆಯ ಪ್ರತಿ. ಮೊದಲನೆಯದನ್ನು ಅಳಿಸಿದ ಕ್ಷಣದಿಂದ ಅದು ಬ್ಯಾಕಪ್ ಆಗಿ ಉಳಿಯಲಿಲ್ಲ, ಇರುವ ಒಂದೇ ಪ್ರತಿ ಆಯಿತು. ಅದೂ ಎಲ್ಲಿ? ಹಳೆಯದನ್ನು ತೆಗೆದುಹಾಕುವುದೇ ಕೆಲಸವಾಗಿರುವ ಒಂದು ಸ್ಕ್ರಿಪ್ಟಿನ ಕೈಯಲ್ಲಿ.

ಈಗ ಒಳ್ಳೆಯ ಸುದ್ದಿಗೆ ಬರೋಣ.

ಬೋರ್ಗ್ ತನ್ನ ರೆಪೊವನ್ನು ಅಂಗಡಿಯ ಲೆಕ್ಕದ ಪುಸ್ತಕದ ಹಾಗೆ ಬರೆಯುತ್ತದೆ. ಹೊಸದೇನು ಬಂದರೂ ಕೊನೆಯ ಪುಟಕ್ಕೆ. ಒಂದು ಬ್ಯಾಕಪ್ಪನ್ನು ಅಳಿಸು ಎಂದರೆ ಹಳೆಯ ಪುಟವನ್ನು ಹರಿಯುವುದಿಲ್ಲ. 'ಹಿಂದಿನ ಆ ಸಾಲು ಈಗ ಲೆಕ್ಕಕ್ಕಿಲ್ಲ' ಎಂದು ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸುತ್ತದೆ, ಅಷ್ಟೇ. ಪುಟಗಳನ್ನು ನಿಜವಾಗಿ ಹರಿದು ಜಾಗ ಬಿಡಿಸುವುದು ಬೇರೆ ಕೆಲಸ. ಬೋರ್ಗ್ 1.1ರಲ್ಲಿ ಪ್ರೂನ್ ಆದ ತಕ್ಷಣ ಅದೂ ತಾನಾಗಿ ಆಗುತ್ತಿತ್ತು. 2022ರಲ್ಲಿ ಬಂದ 1.2ರಿಂದ ಅದನ್ನು ಬೇರೆ ಮಾಡಿ ಕಾಂಪ್ಯಾಕ್ಟ್ ಎಂಬ ಪ್ರತ್ಯೇಕ ಕಮಾಂಡ್ ಕೊಟ್ಟರು. ಡೆಬಿಯನ್ 11ರಲ್ಲಿ ಬರುವುದು 1.1, ನಿಮ್ಮ ಡೆಬಿಯನ್ 12ರಲ್ಲಿ ಬರುವುದು 1.2. ನಿಮ್ಮ ಸ್ಕ್ರಿಪ್ಟ್ 1.1ರ ಕಾಲದ್ದಿರಬೇಕು. ಅದರಲ್ಲಿ ಕಾಂಪ್ಯಾಕ್ಟ್ ಸಾಲು ಇಲ್ಲದಿದ್ದರೆ, ಎರಡು ವರ್ಷದಿಂದ ಒಂದು ಪುಟವೂ ಹರಿದಿಲ್ಲ. ಪಟ್ಟಿಯಲ್ಲಿ ಕಾಣದ ಹಳೆಯ ಬ್ಯಾಕಪ್‌ಗಳೆಲ್ಲ ಆ ಡಿಸ್ಕಿನ ಹೊಟ್ಟೆಯಲ್ಲೇ ಇವೆ. ಜಾಗ ತುಂಬುತ್ತಿರುವುದೂ ಅದಕ್ಕೇ. ಸ್ನೇಹಿತರು ಹೇಳಿದ್ದು ಬೇರೆ ಯಾವ ದಿನವಾದರೂ ಸರಿಯಾದ ಸಲಹೆಯೇ. ಇವತ್ತಿಗೆ ಮಾತ್ರ ಅಲ್ಲ.

ಊಹೆಯಲ್ಲೇ ನಿಲ್ಲುವುದು ಬೇಡ, ಪರೀಕ್ಷೆ ಮಾಡಬಹುದು. ಮೊದಲು ಸ್ಕ್ರಿಪ್ಟ್ ತೆರೆದು ಕಾಂಪ್ಯಾಕ್ಟ್ ಎಂಬ ಪದ ಎಲ್ಲಾದರೂ ಇದೆಯಾ ನೋಡಿ. ಆಮೇಲೆ ಬೋರ್ಗಿನ ಇನ್ಫೋ ಕಮಾಂಡನ್ನು ಇಡೀ ರೆಪೊ ಮೇಲೆ ಓಡಿಸಿ. ಅದು ಓದುತ್ತದೆ ಅಷ್ಟೇ, ಏನನ್ನೂ ಅಳಿಸುವುದಿಲ್ಲ. 'ಆಲ್ ಆರ್ಕೈವ್ಸ್' ಎಂಬ ಸಾಲಿನ ಕೊನೆಯ ಸಂಖ್ಯೆ, ಅಂದರೆ ಡಿಡೂಪ್ಲಿಕೇಟೆಡ್ ಸೈಜ್, ಈಗ ಪಟ್ಟಿಯಲ್ಲಿರುವ 17 ಬ್ಯಾಕಪ್‌ಗಳಿಗೆ ನಿಜವಾಗಿ ಬೇಕಾದ ಜಾಗ. ಅದನ್ನು ಬರೆದುಕೊಳ್ಳಿ. ಪಕ್ಕದಲ್ಲಿ ರೆಪೊ ಫೋಲ್ಡರ್ ಡಿಸ್ಕಿನಲ್ಲಿ ಎಷ್ಟು ಜಾಗ ಹಿಡಿದಿದೆ ಎಂದು ಡಿಯು ಕಮಾಂಡಿನಿಂದ ನೋಡಿ ಬರೆಯಿರಿ. ಎರಡರ ನಡುವಿನ ಅಂತರವೇ ಹರಿಯದೆ ಉಳಿದ ಪುಟಗಳು. ತಂದೆಯವರ ಫೈಲ್ 38 ಜಿಬಿ. ಬೋರ್ಗ್ ಸಾಮಾನ್ಯವಾಗಿ ಬಳಸುವ ಎಲ್‌ಝಡ್4 ವಿಧಾನ ಧ್ವನಿಯ ಫೈಲನ್ನು ಹೆಚ್ಚು ಕುಗ್ಗಿಸುವುದಿಲ್ಲ. ಹಾಗಾಗಿ ಅಂತರ ನೂರಾರು ಜಿಬಿ ಇದ್ದರೆ ಧೈರ್ಯವಾಗಿ ಮುಂದೆ ಹೋಗಿ. ನಾಲ್ಕೈದು ಜಿಬಿ ಮಾತ್ರ ಇದ್ದರೆ ಕಾಂಪ್ಯಾಕ್ಟ್ ಯಾವಾಗಲೋ ಓಡಿದೆ ಎಂದೇ ಅರ್ಥ. ಆಗ ಈ ದಾರಿ ಇಲ್ಲ.

ಅಂತರ ದೊಡ್ಡದಿದೆ ಎಂದುಕೊಳ್ಳೋಣ. ಮುಂದಿನ ಕೆಲಸಕ್ಕೆ ಇನ್ನೊಂದು ಡಿಸ್ಕ್ ಬೇಕು, 4 ಟಿಬಿಯದ್ದೇ. ಖರ್ಚು ಅಂತ ಅನ್ನಿಸಬಹುದು. ಆದರೆ ಆ ಡಿಸ್ಕ್ ಆಮೇಲೂ ಬೇಕಾಗುತ್ತದೆ, ಯಾಕೆಂದು ಕೊನೆಗೆ ಹೇಳುತ್ತೇನೆ. ಇಡೀ ರೆಪೊ ಫೋಲ್ಡರನ್ನು ಅದಕ್ಕೆ ನಕಲು ಮಾಡಿ. ಫೈಲ್‌ಗಳ ದಿನಾಂಕ ಇದ್ದ ಹಾಗೇ ಉಳಿಯುವಂತೆ ಆರ್‌ಸಿಂಕ್ ಎಂಬ ನಕಲು ಕಮಾಂಡಿನಲ್ಲಿ ಎ (-a) ಆಯ್ಕೆ ಹಾಕಿಯೇ ನಕಲು ಮಾಡಿ. ಈ ದಿನಾಂಕಗಳೇ ನಮಗೆ ಮುಂದೆ ದಾರಿ ತೋರಿಸುವುದು. ನಕಲು ಮುಗಿದ ಮೇಲೆ ಮೂಲ ಡಿಸ್ಕನ್ನು ಬಿಚ್ಚಿ ಬೀರುವಿನಲ್ಲಿಡಿ. ಇನ್ನು ಕೈ ಹಾಕುವುದೆಲ್ಲ ನಕಲಿನ ಮೇಲೆ.

ನಕಲಿನಲ್ಲಿ ಡೇಟಾ ಎಂಬ ಫೋಲ್ಡರ್ ಇದೆ. ಅದರೊಳಗಿನ ಫೋಲ್ಡರ್‌ಗಳಲ್ಲಿ ಬರೀ ಸಂಖ್ಯೆಯೇ ಹೆಸರಾಗಿರುವ ಫೈಲ್‌ಗಳಿವೆ, ದೊಡ್ಡವು 500 ಎಂಬಿ ಆಸುಪಾಸಿನವು. ಇವೇ ಪುಸ್ತಕದ ಪುಟಗಳು, ಸಂಖ್ಯೆ ಏರಿದ ಹಾಗೆ ಹೊಸವು. ನಮಗೆ ಬೇಕಾದ್ದು ಆಗಸ್ಟಿನ ಬ್ಯಾಕಪ್ ಇನ್ನೂ ಪಟ್ಟಿಯಲ್ಲಿದ್ದ ಒಂದು ದಿನಕ್ಕೆ ಹಿಂದೆ ಹೋಗುವುದು. ಜನವರಿಯ ಯಾವುದಾದರೂ ದಿನ ಆರಿಸಿ, ಮಾರ್ಚಿನಿಂದ ಸಾಕಷ್ಟು ದೂರ ಇರುತ್ತದೆ. ದಿನಾಂಕ ನೋಡಿ ಆ ದಿನದ ಕೊನೆಯ ಫೈಲಿನ ಸಂಖ್ಯೆ ಹುಡುಕಿ. ಅದಕ್ಕಿಂತ ದೊಡ್ಡ ಸಂಖ್ಯೆಯವನ್ನೆಲ್ಲ ನಕಲಿನಿಂದ ಹೊರಗೆ ಸರಿಸಿ. ರೆಪೊ ಫೋಲ್ಡರಿನಲ್ಲಿ ಇಂಡೆಕ್ಸ್, ಹಿಂಟ್ಸ್, ಇಂಟಿಗ್ರಿಟಿ ಎಂದು ಹೆಸರು ಶುರುವಾಗುವ ಫೈಲ್‌ಗಳನ್ನೂ ಸರಿಸಿ. ಇನ್ನು ಬೋರ್ಗ್ ಅದನ್ನು ತೆರೆದಾಗ, ಉಳಿದ ಪುಟಗಳನ್ನು ಮೊದಲಿನಿಂದ ಓದಿ ಹೊಸ ಇಂಡೆಕ್ಸ್ ಕಟ್ಟಿಕೊಳ್ಳುತ್ತದೆ. ಅದರ ಮಟ್ಟಿಗೆ ಇವತ್ತು ಜನವರಿ. ಇದು ನಾನು ಕಟ್ಟಿದ ಉಪಾಯವಲ್ಲ. ಅಪೆಂಡ್-ಓನ್ಲಿ, ಅಂದರೆ ಸೇರಿಸಲು ಮಾತ್ರ ಬಿಡುವ, ರೆಪೊಗಳನ್ನು ಹಿಂದಿನ ಸ್ಥಿತಿಗೆ ತರುವ ವಿಧಾನವಾಗಿ ಬೋರ್ಗಿನ ಕೈಪಿಡಿಯಲ್ಲೇ ಇದೆ. ಕಾಂಪ್ಯಾಕ್ಟ್ ಎಂದೂ ಓಡದ ನಿಮ್ಮ ರೆಪೊಗೂ ಇದೇ ತರ್ಕ ಹೊಂದುತ್ತದೆ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಈ ನಕಲನ್ನು ನಿಮ್ಮ ಡೆಸ್ಕ್‌ಟಾಪಿನಿಂದಲೋ ಮಗಳ ಲ್ಯಾಪ್‌ಟಾಪಿನಿಂದಲೋ ತೆರೆಯಬೇಡಿ. ರೆಪೊವನ್ನು ಕೊನೆಯ ಸಲ ಯಾವಾಗ ನೋಡಿದೆ ಎಂಬುದನ್ನು ಬೋರ್ಗ್ ಆ ಯಂತ್ರಗಳಲ್ಲಿ ನೆನಪಿಟ್ಟಿರುತ್ತದೆ. ಈಗ ಹಳೆಯ ಸ್ಥಿತಿ ಕಂಡರೆ ಯಾರೋ ಮೋಸ ಮಾಡಿದ್ದಾರೆ ಎಂದು ತಿಳಿದು ಬಾಗಿಲು ಹಾಕಿಬಿಡುತ್ತದೆ. ಅದು ಒಳ್ಳೆಯ ರಕ್ಷಣೆಯೇ, ನಮಗೆ ಇವತ್ತು ಅಡ್ಡ ಬರುತ್ತದೆ ಅಷ್ಟೇ. ಬೋರ್ಗ್ ಎಂದೂ ಬಳಸದ ಬೇರೊಂದು ಕಂಪ್ಯೂಟರಿಗೆ ಅದೇ 1.2 ಹಾಕಿ ತೆರೆಯಿರಿ. ರೆಪೊಗೆ ನೀವು ಕೊಟ್ಟ ಪಾಸ್‌ಫ್ರೇಸ್, ಅಂದರೆ ಗುಪ್ತಪದ, ಬೇಕು. ರೆಪೊ ಮಾಡುವಾಗ ಕೀಫೈಲ್ ವಿಧಾನ ಆರಿಸಿದ್ದರೆ ರೆಪೊ ತೆರೆಯುವ ಕೀ ಫೈಲ್ ನಿಮ್ಮ ಡೆಸ್ಕ್‌ಟಾಪಿನಲ್ಲಿರುತ್ತದೆ, ಅದನ್ನೂ ನಕಲು ಮಾಡಿ ಒಯ್ಯಿರಿ. ರೆಪೊಕೀ ವಿಧಾನವಾದರೆ ಕೀ ರೆಪೊ ಒಳಗೇ ಇದೆ. ಲಿಸ್ಟ್ ಕಮಾಂಡಿನಲ್ಲಿ ಆಗಸ್ಟಿನ ಡೆಸ್ಕ್‌ಟಾಪ್ ಬ್ಯಾಕಪ್ ಕಂಡರೆ, ಎಕ್ಸ್‌ಟ್ರಾಕ್ಟ್ ಮಾಡಿ ಕ್ಯಾಸೆಟ್ ಫೋಲ್ಡರನ್ನು ಬೇರೆ ಡಿಸ್ಕಿಗೆ ತೆಗೆಯಿರಿ. ಈ ನಕಲಿಗೆ ಹೊಸದಾಗಿ ಬ್ಯಾಕಪ್ ಬರೆಯಬೇಡಿ, ಅದು ಎನ್‌ಕ್ರಿಪ್ಶನ್ ದೃಷ್ಟಿಯಿಂದ ಸರಿಯಲ್ಲ. ಓದಿ, ತೆಗೆದು, ಮುಗಿಸಿ. ರಿಪೇರಿ ಎಂಬ ಆಯ್ಕೆ ಇರುವ ಯಾವ ಕಮಾಂಡನ್ನೂ ಮೂಲ ಡಿಸ್ಕಿನ ಮೇಲೆ ಓಡಿಸಲೇಬೇಡಿ.

ಕ್ಯಾಸೆಟ್‌ಗಳು ಮನೆಯಲ್ಲೇ ಇದ್ದರೆ ಅವನ್ನೂ ಬಿಸಾಡಬೇಡಿ. ನಮ್ಮ ಕರಾವಳಿಯ ತೇವಕ್ಕೆ ಬೂಷ್ಟು ಹಿಡಿದಿರಬಹುದು. ಹಾಗೆ ಹಿಡಿದದ್ದನ್ನು ಪ್ಲೇಯರಿಗೆ ಹಾಕಿ ನೋಡಬೇಡಿ. ಟೇಪೂ ಹಾಳು, ಪ್ಲೇಯರಿನ ಹೆಡ್ಡೂ ಹಾಳು. ಒಣ ಜಾಗದಲ್ಲಿ ಡಬ್ಬಿಯಲ್ಲಿಡಿ. ಟೇಪ್ ಶುಚಿ ಮಾಡುವುದು ಬಲ್ಲವರ ಕೈಗೇ ಕೊಡಿ.

ರೆಕಾರ್ಡಿಂಗ್ ಸಿಕ್ಕಿದ ಮೇಲೆ ಅದನ್ನು ಯಾವ ಪ್ರೂನ್ ನಿಯಮಕ್ಕೂ ಸಿಗದ ಜಾಗದಲ್ಲಿಡಬೇಕು. ಸುಮ್ನೆ ಒಂದು ಮಾಮೂಲಿ ಫೋಲ್ಡರ್, ಹೆಸರು ಹಾಕಿ, ಯಾವ ಕೂಟ, ಯಾವ ವರ್ಷ, ಯಾರ ಯಾರ ಅರ್ಥ ಎಂದು ಗೊತ್ತಿದ್ದಷ್ಟು ಬರೆದಿಟ್ಟು. ವೇವ್ ಫೈಲನ್ನು ಫ್ಲ್ಯಾಕ್ ಮಾಡಿದರೆ ಧ್ವನಿಯಲ್ಲಿ ಏನೂ ಕಳೆಯದೆ ಗಾತ್ರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆಗ 38 ಜಿಬಿ ಒಂದು ಮಾಮೂಲಿ 32 ಜಿಬಿ ಪೆನ್‌ಡ್ರೈವಿಗೂ ಹಿಡಿಸೀತು. ಒಂದು ಪ್ರತಿ ಡೆಸ್ಕ್‌ಟಾಪಿನಲ್ಲಿ, ಒಂದು ಆ ಹೊಸ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ನೆಂಟರ ಮನೆಯಲ್ಲಿ. ಹೊಸ ಡಿಸ್ಕ್ ಆಮೇಲೂ ಬೇಕು ಎಂದದ್ದು ಇದಕ್ಕೇ. ಅದನ್ನು ಸರ್ವರಿಗೆ ಸಿಕ್ಕಿಸಿಯೇ ಇಡಬೇಡಿ. ತಿಂಗಳಿಗೊಮ್ಮೆ ಜೋಡಿಸಿ, ಬರೆದು, ಬಿಚ್ಚಿಡಿ. ಮೇ ತಿಂಗಳ ಸಿಡಿಲು ಒಂದು ಬಂದರೆ ಒಂದೇ ಪ್ಲಗ್ಗಿನಲ್ಲಿರುವ ಎರಡು ಡಿಸ್ಕೂ ಒಟ್ಟಿಗೆ ಹೋಗಬಹುದು. ಇದು ನಮ್ಮ ಕಡೆಯವರಿಗೆ ಹೊಸದಾಗಿ ಹೇಳಬೇಕಾದ್ದಲ್ಲ.

ಸ್ಕ್ರಿಪ್ಟನ್ನು ಮತ್ತೆ ಶುರುಮಾಡುವ ಮೊದಲು ಹೀಗೆ ಬದಲಿಸಿ. ನಿಮ್ಮ ಡೆಸ್ಕ್‌ಟಾಪಿಗೆ ಒಂದು ರೆಪೊ, ಲ್ಯಾಪ್‌ಟಾಪಿಗೆ ಬೇರೆ ರೆಪೊ. ಒಂದೇ ಇದ್ದರೆ ಎರಡರಲ್ಲೂ ಇರುವ ಫೈಲ್‌ಗಳಿಗೆ ಜಾಗ ಉಳಿಯುತ್ತದೆ ನಿಜ, ಆದರೆ ಮನೆಯ ಮಟ್ಟಿಗೆ ಆ ಉಳಿತಾಯ ಈ ಅಪಾಯಕ್ಕೆ ಸಾಟಿಯಲ್ಲ. ಒಂದರಲ್ಲೇ ಇಡಲೇಬೇಕೆಂದರೆ ಪ್ರೂನ್ ಸಾಲಿಗೆ ಗ್ಲಾಬ್-ಆರ್ಕೈವ್ಸ್ (glob-archives) ಆಯ್ಕೆಯಲ್ಲಿ ಯಂತ್ರದ ಹೆಸರು ಕೊಡಿ. ಕೀಪ್-ಇಯರ್ಲಿ ಸೇರಿಸಿ, ವರ್ಷಕ್ಕೊಂದಾದರೂ ಉಳಿಯಲಿ. ಪ್ರೂನ್ ನಿಯಮ ಬದಲಿಸಿದಾಗಲೆಲ್ಲ ಮೊದಲು ಡ್ರೈ-ರನ್ ಮತ್ತು ಲಿಸ್ಟ್ ಆಯ್ಕೆಗಳನ್ನು ಹಾಕಿ ಓಡಿಸಿ. ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು ಒಂದೊಂದೇ ಸಾಲು ತೋರಿಸುತ್ತದೆ, ಏನನ್ನೂ ಅಳಿಸುವುದಿಲ್ಲ. ದೀಪಾವಳಿಯಂದು ಈ ಎರಡು ನಿಮಿಷದ ಕೆಲಸ ಆಗಿದ್ದರೆ, ನಿಮ್ಮ ಬ್ಯಾಕಪ್‌ಗಳ ಮುಂದೆ ಪ್ರೂನ್ ಎಂದು ಬರೆದದ್ದು ಅಂದೇ ಕಾಣುತ್ತಿತ್ತು. ಯಶಸ್ವಿ ಎಂಬ ಮೇಲ್ ಜೊತೆ ಆ ಕ್ಷಣದಲ್ಲಿ ಪಟ್ಟಿಯಲ್ಲಿರುವ ಬ್ಯಾಕಪ್‌ಗಳ ಹೆಸರೂ ಬರುವ ಹಾಗೆ ಮಾಡಿ, ಅತ್ಯಂತ ಹಳೆಯದರ ದಿನಾಂಕವಂತೂ ಇರಲೇಬೇಕು. ಕಾಂಪ್ಯಾಕ್ಟ್ ಸಾಲನ್ನು ಹಾಕಿ, ಆದರೆ ಪ್ರತಿ ರಾತ್ರಿ ಬೇಡ, ಎರಡು ತಿಂಗಳಿಗೊಮ್ಮೆ ಸಾಕು. ಆ ಎರಡು ತಿಂಗಳು ನಿಮಗೆ ತಪ್ಪು ಕಂಡುಹಿಡಿಯಲು ಸಿಗುವ ಸಮಯ.

ಬೋರ್ಗ್ ಬಳಸದ ಓದುಗರಲ್ಲೂ ಇದೇ ದೂರು ಇದೆ, ಕಾರಣ ಬೇರೆ. ಆ್ಯಪಲ್ಲಿನ ಟೈಮ್ ಮಷೀನ್ ಡಿಸ್ಕ್ ತುಂಬಿದಾಗ ಹಳೆಯ ಬ್ಯಾಕಪ್ಪನ್ನು ತಾನೇ ತೆಗೆಯುತ್ತದೆ. 30 ದಿನಕ್ಕಿಂತ ಹಳೆಯದನ್ನು ಅಳಿಸು ಎಂಬ ಸ್ಕ್ರಿಪ್ಟ್ ಇದ್ದು, ಕಂಪ್ಯೂಟರಿನ ಗಡಿಯಾರ ಹೇಗೋ ಮುಂದಕ್ಕೆ ಹಾರಿದರೆ, ಎಲ್ಲವೂ ಹಳೆಯದಾಗಿ ಕಾಣುತ್ತದೆ. ಆರ್‌ಸಿಂಕಿಗೆ ಡಿಲೀಟ್ ಆಯ್ಕೆ, ಅಂದರೆ ಮೂಲದಲ್ಲಿ ಇಲ್ಲದ್ದನ್ನು ನಕಲಿನಿಂದಲೂ ಅಳಿಸುವ ಆಯ್ಕೆ, ಹಾಕಿದವರು ಇನ್ನೂ ಎಚ್ಚರವಾಗಿರಬೇಕು. ಕರೆಂಟ್ ಹೋಗಿ ಬಂದಾಗ ಮೂಲ ಫೈಲ್‌ಗಳಿರುವ ಯುಎಸ್‌ಬಿ ಡಿಸ್ಕ್ ಮೌಂಟ್ ಆಗದಿದ್ದರೆ, ಅದಕ್ಕೆ ಕಾಣುವುದು ಖಾಲಿ ಫೋಲ್ಡರ್. ಆ ಖಾಲಿಯನ್ನೇ ಬ್ಯಾಕಪ್ಪಿಗೂ ತರುತ್ತದೆ. ನನ್ನ ಮನೆಯಲ್ಲೇ ಒಂದು ಮಳೆಗಾಲ ಹೀಗಾಗಿ ಒಂದು ವರ್ಷದ ಫೋಟೋ ಹೋಯಿತು. ಅವು ಮತ್ತೆ ಸಿಗಲಿಲ್ಲ. ಅಂದಿನಿಂದ ಇಷ್ಟಕ್ಕಿಂತ ಹೆಚ್ಚು ಫೈಲ್ ಅಳಿಸಬೇಡ ಎನ್ನುವ ಮ್ಯಾಕ್ಸ್-ಡಿಲೀಟ್ ಮಿತಿ ಹಾಕದೆ ನಾನು ಆರ್‌ಸಿಂಕ್ ಓಡಿಸುವುದಿಲ್ಲ.

ಕಟಪಾಡಿಯ ಓದುಗರೇ, ಫೈಲ್‌ಗಳನ್ನು ಸರಿಸುವ ಹಂತಕ್ಕೆ ಹೋಗುವ ಮೊದಲು ನನಗೆ ಎರಡು ಸಂಖ್ಯೆ ಬರೆದು ಕಳಿಸಿ: ಇನ್ಫೋ ತೋರಿಸಿದ ಡಿಡೂಪ್ಲಿಕೇಟೆಡ್ ಸೈಜ್ ಮತ್ತು ಡಿಯು ತೋರಿಸಿದ ಫೋಲ್ಡರ್ ಗಾತ್ರ. ಜನವರಿಯ ಯಾವ ಸಂಖ್ಯೆಯಲ್ಲಿ ನಿಲ್ಲಿಸಬೇಕು ಎಂದು ಒಟ್ಟಿಗೆ ಕೂತು ನೋಡೋಣ, ಮಗಳೂ ಜೊತೆಗಿರಲಿ. ಅಲ್ಲಿಯವರೆಗೆ ಕ್ರಾನ್ ನಿಂತೇ ಇರಲಿ.